ಏಳು ಹೊರೆ ಬೇರು

ಜೈಲು, ಮೂರನೇ ಬ್ಯಾರಕ್
4 ಮೇ 1997

ಅಕ್ಕಾ,

ಗಂಡ ಜೈಲು ಸೇರಿದ ಅಂತ ಚೋನಾ ನಿನಗೆ ಹೇಳಿರ್ತಾಳೆ. ನಿನ್ನ ತಮ್ಮ ಈಗ ಸರ್ಕಾರದ ಅತಿಥಿ. ಎಂಟು ಜನ ಮಲಗೋ ಕೋಣೇಲಿ ಹತ್ತೊಂಬತ್ತು ಜನ ಇದ್ದೀವಿ, ಪಾಳಿ ಮೇಲೆ ಮಲಗ್ತೀವಿ. ನನ್ನ ಪಾಳಿ ಬೆಳಗ್ಗೆ ಆರರಿಂದ ಹತ್ತು, ಬಾಗಿಲ ಸರಳಿನಿಂದ ಬಿಸಿಲು ನೆಟ್ಟಗೆ ಮುಖಕ್ಕೆ ಹೊಡೆಯೋ ಹೊತ್ತು. ಪಕ್ಕದವನು ಲಾರಿ ಕದ್ದು ಬಂದವನು. 'ನೀನೇನಪ್ಪ ಮಾಡ್ದೆ?' ಅಂದ. 'ಮೀನು ಹಿಡಿದೆ' ಅಂದೆ. ಕೋಣೆಗೆ ಕೋಣೆಯೇ ಬಿದ್ದು ಬಿದ್ದು ನಕ್ಕಿತು. ಅವತ್ತಿಂದ ನನಗೆ ಮೀನು ಅಂತಲೇ ಹೆಸರು.

ನಡೆದದ್ದು ಇಷ್ಟು. ಮಾರ್ಚಲ್ಲಿ, ಚರ್ಚಿಗೆ ಗರಿ ಒಯ್ಯೋ ಗರಿ ಭಾನುವಾರ, ಎಂದಿನ ಹಾಗೆ ಗುಹೆಗೆ ಹೋದ್ವಿ. ಬೇರು ಅರೆದು, ಸುಣ್ಣ ಕಲಸಿ, ಎಲೇಲಿ ಕಟ್ಟಿ, ಡೋಲು ಬಡಿದು, ಗುಹೆಯೊಳಗಿನ ದೈವಗಳಾದ ಅಜ್ಜಂದಿರ ಅಪ್ಪಣೆ ಕೇಳಿ ನೀರಿಗೆ ಬಿಟ್ವಿ. ಬುಟ್ಟಿ ಹಿಡ್ಕೊಂಡು ಮೀನು ತೇಲೋದನ್ನೇ ಕಾಯ್ತಿದ್ವಿ, ಅಷ್ಟರಲ್ಲಿ ಗುಹೆ ಬಾಯಲ್ಲಿ ಆರು ಜನ ಪೊಲೀಸರು, ಜೊತೆಗೊಬ್ಬ ಕನ್ನಡಕದ ಅಧಿಕಾರಿ. 'ಈ ಮೀನು ಸಂರಕ್ಷಿತ. ವಿಷ ಹಾಕೋದು ಅಪರಾಧ. ಇಲ್ಲಿ ಮುಖ್ಯಸ್ಥ ಯಾರು?' ಅಂದ. ತಲೆ ಮೇಲಿದ್ದ ಮುಖ್ಯಸ್ಥನ ಟೋಪಿ ತೆಗೆದು, ನಾನೇ ಸ್ವಾಮಿ ಅಂದೆ. ಅಪ್ಪ ಇದ್ದಿದ್ರೂ ಹಾಗೇ ಅಂತಿದ್ದ ಅಲ್ವಾ?

ನನಗೆ ಅರ್ಥವಾಗದೇ ಇರೋದು ಒಂದೇ. ವರ್ಷಕ್ಕೊಂದು ದಿನ ನಡೆಯೋ ಕೆಲಸ, ಸರಿಯಾಗಿ ಆ ದಿನ, ಆ ಗಂಟೆಗೆ ಅವರು ಬಂದದ್ದು ಹೇಗೆ? ಯಾವನೋ ಚಾಡಿ ಹೇಳಿದ್ದಾನೆ. ಅವನ ನಾಲಿಗೆ ಸೇದಿಹೋಗ, ಅವನ ಮನೆ ಹಾಳಾಗ. ಯಾರು ಅಂತ ಗೊತ್ತಾಗಲಿ, ಆಮೇಲೆ ನೋಡ್ಕೋತೀನಿ.

ಸರ್ಕಾರ ಕೊಟ್ಟ ವಕೀಲ ಹೀಗೆ ಹೇಳ್ತಾನೆ: ಒಂದೇ ಹೊರೆ ಬೇರು ಹಾಕಿದ್ದು ಅಂದ್ರೆ, ಹಳೇ ಸಂಪ್ರದಾಯ, ಪಾಪ ಅಂತ ಜಡ್ಜು ನಾಲ್ಕು ತಿಂಗಳಲ್ಲಿ ಬಿಡಬಹುದು. ಜಾಸ್ತಿ ಅಂತ ಸಾಬೀತಾದ್ರೆ ಐದಾರು ವರ್ಷ. ಗುಹೆ ಹತ್ತಿರ ಖಾಲಿ ಚೀಲಗಳು ಸಿಕ್ಕಿವೆ, ಅವು ಹೋದ ವರ್ಷದವು ಅಂತ ಹೇಳಿದ್ದೀವಿ. ನಾನು ಗುಹೇಲಿ 'ಒಂದು' ಅಂತ ಗಟ್ಟಿಯಾಗಿ ಅಪ್ಪಣೆ ಕೇಳಿದ್ದನ್ನ ಊರೇ ಕೇಳಿಸ್ಕೊಂಡಿದೆ. ಹಾಗಾಗಿ ಒಂದೇ.

ಭಾನುವಾರ ಹತ್ತರಿಂದ ಒಂದರವರೆಗೆ ಬಂದು ನೋಡಬಹುದು. ಒಂದ್ಸಲ ಬಂದು ಹೋಗು. ಚೋನಾ ಬಂದ್ರೆ ಬರೀ ಅಳ್ತಾಳೆ, ಬೈಯೋಕೆ ನೀನೇ ಬೇಕು.

ನಿನ್ನ
ನಿಕಾನೋರ್


ತೊಟ್ಟಿ ಕೋಣೆ
19 ಮೇ 1997

ತಮ್ಮಾ,

ನಿನ್ನ ಕಾಗದ ಓದಿ ನಗಬೇಕೋ ಅಳಬೇಕೋ ತಿಳೀಲಿಲ್ಲ. 'ನಾನೇ ಸ್ವಾಮಿ' ಅಂತ ಎದೆ ಕೊಟ್ಟೆಯಂತೆ. ಚಿಕ್ಕೋನಿದ್ದಾಗ ಮಡಕೆ ಒಡೆದು ನನ್ನ ಕಡೆ ಕೈ ತೋರಿಸ್ತಿದ್ದವನು ನೀನೇನಾ?

ಬರೋಣ ಅಂದ್ರೆ ಆಗ್ತಿಲ್ಲ ಕಣೋ. ನಮ್ಮ ತಬಾಸ್ಕೊ ಸೀಮೆಗೆ ಇಲ್ಲಿಂದ ಬಸ್ಸಲ್ಲಿ ಇಪ್ಪತ್ತೆರಡು ಗಂಟೆ. ಇಲ್ಲಿ ಇನ್ನೂರ ಹನ್ನೆರಡು ಗಾಜಿನ ತೊಟ್ಟಿ ಇವೆ, ತೊಳೆಯೋಳು, ಮೇವು ಹಾಕೋಳು ನಾನೊಬ್ಬಳೇ. ಒಂದು ದಿನ ತಪ್ಪಿದ್ರೆ ಮೀನಿನ ಸಂಶೋಧನೆ ಮಾಡೋ ಡಾಕ್ಟರಮ್ಮ ಇರ್ಮಾ ಮುಖ ಊದಿಸ್ಕೋತಾರೆ. ಈ ಕೋಣೆಗೆ ಕಿಟಕಿ ಇಲ್ಲ. ಮೀನಿಗೆ ಕತ್ತಲೆ ಬೇಕು ಅಂತ ಕೆಂಪು ದೀಪ ಒಂದೇ. ಹದಿನಾಲ್ಕು ವರ್ಷ ಆಯ್ತು, ಹೊರಗೆ ಮಳೆಯೋ ಬಿಸಿಲೋ ಅಂತ ಬೇರೆಯವರ ಚಪ್ಪಲಿ ನೋಡಿ ತಿಳ್ಕೋತೀನಿ.

ಯಾರು ಚಾಡಿ ಹೇಳಿದ್ರೋ, ಬಿಡು. ಶಾಪ ಹಾಕಿ ಬಾಯಿ ಹೊಲಸು ಮಾಡ್ಕೋಬೇಡ.

ನಮ್ಮ ಗುಹೆ ಮೀನು ಇಲ್ಲಿ ಮೂವತ್ತು ತೊಟ್ಟೀಲಿ ಇವೆ. ಆ ಕೊಳೆತ ಮೊಟ್ಟೆ ವಾಸನೆಯ ಹಾಲುಬಿಳುಪು ನೀರಲ್ಲಿದ್ದವು ಈಗ ತಿಳಿನೀರಲ್ಲಿ ಇವೆ, ಆದ್ರೂ ಮೇಲ್ಗಡೆಯೇ ಬಾಯಿ ತೆರ್ಕೊಂಡು ನಿಂತಿರ್ತವೆ. ನೀನು ಕೂಗಿದ್ರೆ ಬರ್ತವೇನೋ, ನನ್ನ ಮಾತು ಕೇಳಲ್ಲ. ಹೋದ ವಾರ ಡಾಕ್ಟರಮ್ಮ ಬೇರು ತರಿಸು ಅಂದ್ರು. ಚೋನಾ ಒಂದು ಚೀಲ ಕಳ್ಸಿದ್ದಾಳೆ. ಏನೋ ಪರೀಕ್ಷೆ ಮಾಡ್ತಾರಂತೆ.

ಈಗ ನಾನು ಕೇಳೋದಕ್ಕೆ ಸಿಟ್ಟಾಗಬೇಡ. ಈ ಸಲ ಒಂದು ಬೋಗುಣಿ ಮೀನೂ ತೇಲ್ಲಿಲ್ಲ ಅಂತ ಚೋನಾ ಹೇಳಿದ್ಲು. ಅಜ್ಜನ ಕಾಲದಲ್ಲಿ ಒಂದು ಹೊರೆಗೆ ಹನ್ನೆರಡು ಬುಟ್ಟಿ. ಅಪ್ಪನ ಕೊನೇ ವರ್ಷ ಮೂರು ಹೊರೆ ಅರೆದು ನನ್ನ ಅಂಗೈ ಎರಡು ದಿನ ಮರಗಟ್ಟಿತ್ತು, ನೆನಪಿದೆಯಾ? ಅಂಥದ್ರಲ್ಲಿ ನೀನು ಒಂದೇ ಹೊರೆ ಹಾಕಿದೆ ಅಂದ್ರೆ ಯಾರು ನಂಬ್ತಾರೆ? ಜಡ್ಜು ನಂಬಲಿ ಬಿಡು. ನನಗೆ ನಿಜ ಹೇಳು.

ಪೊಸೋಲ್ ಮಾಡ್ಕೊಳ್ಳೋಕೆ ಕೋಕೋ ಹಾಕಿದ ಮೆಕ್ಕೆಜೋಳದ ಹಿಟ್ಟು ಕಳ್ಸಿದ್ದೀನಿ. ಬಿಸಿನೀರು ಸಿಗದಿದ್ರೆ ತಣ್ಣೀರಲ್ಲೇ ಕದಡಿ ಕುಡಿ.

ನಿನ್ನ ಅಕ್ಕ
ಬಾಸಿಲಿಯಾ


ಜೈಲು
8 ಜೂನ್ 1997

ಅಕ್ಕಾ,

ಹಿಟ್ಟು ಬಂತು, ಅರ್ಧ. ಉಳಿದರ್ಧ ಬಾಗಿಲ ಗುಮಾಸ್ತನ ಹೊಟ್ಟೆ ಸೇರ್ತು. ನಿನ್ನ ಕಾಗದವನ್ನೂ ಅವನೇ ಒಡೆದು ಬ್ಲೇಡು ಇದ್ಯಾ ಅಂತ ಅಲ್ಲಾಡಿಸಿ ಕೊಟ್ಟ. ಓದೋ ವ್ಯವಧಾನ ಅವನಿಗಿಲ್ಲ, ಹೆದರಬೇಡ.

ಎಷ್ಟು ಹೊರೆ, ಎಷ್ಟು ಹೊರೆ ಅಂತ ಪೊಲೀಸರು ಕೇಳಿದ್ರು, ಕನ್ನಡಕದವನು ಕೇಳಿದ, ವಕೀಲ ಕೇಳಿದ, ಈಗ ನೀನೂ ಶುರು ಮಾಡಿದೆ. 'ಪರೀಕ್ಷೆ' ಅಂತೆ. ಊರಲ್ಲಿದ್ದಾಗ ಬಾಯಿ ತುಂಬ ನಮ್ಮ ಮಾತಾಡ್ತಿದ್ದವಳು ಈಗ ಆ ಡಾಕ್ಟರಮ್ಮನ ಹಾಗೇ ಬರೀತೀಯ. ಇನ್ನು ಹತ್ತು ವರ್ಷ ಅಲ್ಲಿದ್ರೆ ನೀನು ನಮ್ಮವಳು ಅಂತ ಗುರುತು ಹಿಡಿಯೋಕೂ ಆಗಲ್ಲ.

ಸಿಟ್ಟು ಬರುತ್ತೆ ಕಣೇ, ಬೇಜಾರು ಮಾಡ್ಕೋಬೇಡ. ಇಲ್ಲಿ ಕೂತ್ರೆ ಮೊಣಕಾಲು ಇನ್ನೊಬ್ಬನ ಬೆನ್ನಿಗೆ, ನಿಂತ್ರೆ ತಲೆ ಹಗ್ಗದ ಮೇಲಿನ ಒದ್ದೆ ಬಟ್ಟೆಗೆ. ಗೋಡೇಲಿ ಒಂದು ತೂತಿದೆ, ಅದರಲ್ಲಿ ನೋಡಿದ್ರೆ ಇನ್ನೊಂದು ಗೋಡೆ. ಮೊದಲ ತಿಂಗಳು ಹೊರಗೆ ಹೋಗೋದನ್ನೇ ಯೋಚಿಸ್ತಿದ್ದೆ. ಈಗ ಹೋಗಿ ಏನು ಮಾಡಲಿ ಅನ್ನಿಸುತ್ತೆ.

ಯಾಕೆ ಗೊತ್ತಾ? ಮೀನು ನನ್ನನ್ನ ಬಿಟ್ಟಿವೆ. ಗುಹೆಯವರು ನಮ್ಮಜ್ಜ ಕೇಳಿದ್ರೆ ಕೊಟ್ರು, ಅಪ್ಪ ಕೇಳಿದ್ರೂ ಅಷ್ಟೋ ಇಷ್ಟೋ ಕೊಟ್ರು. ನಾನು ಟೋಪಿ ಹಾಕ್ಕೊಂಡ ಹದಿನೈದು ವರ್ಷದಲ್ಲಿ ವರ್ಷ ವರ್ಷ ಇಳೀತಾ ಬಂತು. ನಿನಗೇ ಗೊತ್ತಲ್ಲ, ಗುಹೆಯ ಅಜ್ಜಂದಿರ ಮುಂದೆ ಎಷ್ಟು ಹೊರೆ ತಂದಿದ್ದೀವಿ ಅಂತ ಕೂಗಿ ಹೇಳಬೇಕು, ಹೇಳಿದ್ದಕ್ಕಿಂತ ಒಂದು ಎಲೆಯೂ ಹೆಚ್ಚು ಹಾಕಬಾರದು. ಹೋದ ವರ್ಷ ನಾನು 'ಐದು' ಅಂದೆ. ಹಿಂದೆ ನಿಂತಿದ್ದ ಮುದುಕಿ ಎಲ್ಲರಿಗೂ ಕೇಳೋ ಹಾಗೆ ಅಂದ್ಲು, 'ನಿಕಾನೋರನ ಕೈ ಅಂದ್ರೆ ಮೀನಿಗೂ ಹೇಸಿಗೆ.' ಜನ ಕಿಸಿ ಕಿಸಿ ನಕ್ರು. ಆ ನಗು ಇನ್ನೂ ಕಿವೀಲಿದೆ.

ಗುಹೆ ಒಳಗಿನವರು ನನಗೆ ಬಾಗಿಲು ಹಾಕ್ಕೊಂಡ್ರು, ಹೊರಗಿನವರು ತಂದು ಇಲ್ಲಿ ಬಾಗಿಲು ಹಾಕಿದ್ರು. ಎರಡೂ ನನಗೆ ತಕ್ಕದ್ದೇ ಇರಬೇಕು. ಇಷ್ಟು ಸಾಕು, ಇನ್ನು ಲೆಕ್ಕ ಕೇಳಬೇಡ.

ಯಾವಾಗ ಬರ್ತೀಯ? ಪ್ರತಿ ಭಾನುವಾರ ಮುಖ ತೊಳ್ಕೊಂಡು ಕೂತಿರ್ತೀನಿ.

ನಿಕಾನೋರ್


ತೊಟ್ಟಿ ಕೋಣೆ
30 ಜೂನ್ 1997

ತಮ್ಮಾ,

ಇದನ್ನ ನಿಧಾನಕ್ಕೆ ಓದು. ಓದಿ ಮುಗಿಸೋವರೆಗೆ ಯಾರ ಜೊತೆಯೂ ಜಗಳಕ್ಕೆ ಹೋಗಬೇಡ.

ಡಾಕ್ಟರಮ್ಮ ಅರವತ್ತು ಮೀನು ಆರಿಸಿದ್ರು. ಮೂವತ್ತು ಗುಹೆಯ ಮೇಲಿನ ಮಡುವಿನವು, ಆ ಆಳೆತ್ತರದ ಬಂಡೆ ಇದೆಯಲ್ಲ, ಅದರಾಚೆ, ನಮ್ಮ ಬೇರು ಯಾವತ್ತೂ ಮುಟ್ಟದ ನೀರಿನವು. ಮೂವತ್ತು ಕೆಳಗಿನ ಮಡುವಿನವು, ಮುತ್ತಜ್ಜನ ಕಾಲದಿಂದ ವರ್ಷಾ ವರ್ಷ ನಾವು ಬೇರು ಬಿಟ್ಟ ನೀರಿನವು. ಎರಡಕ್ಕೂ ಒಂದೇ ಅಳತೆ ರಸ ಹಾಕಿದ್ವಿ. ನಾನೇ ಅರೆದದ್ದು, ಅಂಗೈ ಹಾಗೇ ಮರಗಟ್ತು. ಹತ್ತು ನಿಮಿಷಕ್ಕೆ ಮೇಲಿನವು ಒಂದೊಂದಾಗಿ ಮಗ್ಗುಲಾದ್ವು. ಕೆಳಗಿನವು ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡಾಡ್ಕೊಂಡಿದ್ವು! ತೊಟ್ಟಿ ಅದಲು ಬದಲು ಮಾಡಿದ್ದೀಯ ಅಂತ ಡಾಕ್ಟರಮ್ಮ ನನ್ನ ಮೇಲೇ ರೇಗಿದ್ರು. ಮತ್ತೆ ಮಾಡಿದ್ವಿ, ಅದೇ ಆಯ್ತು. ಮೂರನೇ ಸಲ ಅವರೇ ಕೈಯಾರೆ ಮಾಡಿದ್ರು, ಅದೇ. ಆಮೇಲೆ ಕುರ್ಚಿ ಎಳ್ಕೊಂಡು ಕೂತು ನನಗೆ ಬಿಡಿಸಿ ಹೇಳಿದ್ರು.

ಅವರು ಹೇಳಿದ್ದನ್ನ ನಮ್ಮ ಮಾತಲ್ಲೇ ಹೇಳ್ತೀನಿ, ಬೈಬೇಡ. ಮೀನು ಮೀನಿಗೂ ವ್ಯತ್ಯಾಸ ಇರುತ್ತೆ. ಒಂದೇ ಹೊಟ್ಟೇಲಿ ಹುಟ್ಟಿದ್ರೂ ಹಸಿಮೆಣಸಿನಕಾಯಿ ಕಚ್ಚಿದ್ರೆ ನಿನ್ನ ಕಣ್ಣಲ್ಲಿ ಧಾರೆ, ನನಗೆ ಏನೂ ಇಲ್ಲ, ಹಾಗೆ. ಯಾರೂ ಕಲಿಸಿದ್ದಲ್ಲ, ಹುಟ್ಟುತ್ತಾ ತಂದದ್ದು. ಅಜ್ಜನ ಕಾಲದಲ್ಲಿ ಸಾವಿರ ಮೀನಲ್ಲಿ ಯಾವುದೋ ಹತ್ತಕ್ಕೆ ಬೇರು ಅಷ್ಟಾಗಿ ನಾಟ್ತಿರಲಿಲ್ಲ. ಉಳಿದವು ತೇಲಿದ್ವು, ನಾವು ಬುಟ್ಟಿ ತುಂಬ್ಕೊಂಡು ಬಂದು ಮೊಟ್ಟೆ ಜೊತೆ ಹುರ್ಕೊಂಡು ತಿಂದ್ವಿ. ನೀರಲ್ಲಿ ಉಳಿದ ಆ ಹತ್ತು ಮರಿ ಹಾಕಿದ್ವು. ಮರಿಗಳೂ ಹೆತ್ತವರ ಹಾಗೇ ಗಟ್ಟಿ. ಮುಂದಿನ ವರ್ಷ ಮತ್ತೆ ಮೆತ್ತಗಿನವು ನಮ್ಮ ಬುಟ್ಟಿಗೆ, ಗಟ್ಟಿಯವು ನೀರಿಗೆ. ಹೀಗೇ ನೂರಾರು ವರ್ಷ. ಈಗ ಕೆಳಗಿನ ಮಡುವಲ್ಲಿ ಇರೋವೆಲ್ಲ ಗಟ್ಟಿ ಮೀನಿನ ಸಂತಾನವೇ.

ಮೀನು ನಿನ್ನನ್ನ ಬಿಟ್ಟಿಲ್ಲ ಕಣೋ ಪೆದ್ದೇ. ಅಜ್ಜ, ಅಪ್ಪ, ನೀನು, ಬೇರು ಅರೆದ ನಾನು, ಎಲ್ಲ ಸೇರಿ ಆ ಮೀನನ್ನೇ ಬೇರೆ ಮಾಡಿಟ್ಟಿದ್ದೀವಿ. ನಮಗೇ ಗೊತ್ತಾಗಿಲ್ಲ ಅಷ್ಟೆ.

ಇನ್ನೂ ಒಂದಿದೆ. ಹೊರಗಿನ ತಿಳಿಹೊಳೆ ಮೀನೂ ಗುಹೆ ಮೀನೂ ಒಂದೇ ಅಜ್ಜಿಯ ಮಕ್ಕಳಂತೆ. ಯಾವತ್ತೋ ಕೆಲವು ಒಳಗೆ ಹೋದ್ವು. ಆ ಗಬ್ಬು ನೀರು ತಡೆಯೋ ಶಕ್ತಿ ಇದ್ದವು ಉಳಿದ್ವು, ಇಲ್ಲದವು ಸತ್ವು. ಕತ್ತಲಲ್ಲಿ ಕಣ್ಣು ಸಣ್ಣಗಾಯ್ತು, ಉಸಿರಿಗೆ ಅಂತ ಕಿವಿರು ದೊಡ್ಡದಾಯ್ತು. ಹೊರಗಿನದು ಒಳಗೆ ಬಂದ್ರೆ ಅರ್ಧ ದಿನ ಉಳಿಯಲ್ಲ. ಒಂದೇ ತೊಟ್ಟೀಲಿ ಬಿಟ್ರೂ ಗುಹೆ ಹೆಣ್ಣು ಹೊರಗಿನ ಗಂಡನ್ನ ಹತ್ತಿರ ಸೇರಿಸಲ್ಲ, ನಾನೇ ಕಣ್ಣಾರೆ ನೋಡಿದ್ದೀನಿ. ಹೀಗೇ ಬಿಟ್ರೆ ಒಂದು ದಿನ ಎರಡೂ ಬೇರೆ ಬೇರೆ ಜಾತಿಯೇ ಆಗ್ತವೆ, ಆಗ್ತಾ ಇವೆ ಅಂತಾರೆ ಡಾಕ್ಟರಮ್ಮ. ನನ್ನನ್ನ ನಿಮ್ಮವಳಲ್ಲ ಅಂತ ಬರೆದೆಯಲ್ಲ, ಅದನ್ನ ಓದಿ ಎರಡು ದಿನ ಊಟ ಸೇರಲಿಲ್ಲ ನನಗೆ.

ಈಗ ಕೆಲಸದ ಮಾತು. ನೀನು ಜಾಸ್ತಿ ಬೇರು ಹಾಕಿದ್ದು, ಆದ್ರೂ ಮೀನು ಸಾಯದೇ ಇದ್ದದ್ದು ನಿಜವಾದ್ರೆ, ಮೀನಿನ ಸಂತತಿಗೆ ಏನೂ ಹಾನಿ ಆಗಿಲ್ಲ ಅಂತ ಕೋರ್ಟಲ್ಲಿ ನಿಂತು ಹೇಳ್ತೀನಿ ಅಂದಿದ್ದಾರೆ ಡಾಕ್ಟರಮ್ಮ. ಕೊಲೆಯೇ ಆಗದಿದ್ರೆ ಕೊಲೆಗಾರ ಎಲ್ಲಿಂದ ಬರ್ತಾನೆ? ಆದ್ರೆ ಲೆಕ್ಕ ನಿಜ ಇರಬೇಕು. ಹೇಳು.

ಬಾಸಿಲಿಯಾ


ಜೈಲು
15 ಜುಲೈ 1997

ಅಕ್ಕಾ,

ಏಳು.

ಬರೆದುಬಿಟ್ಟೆ ನೋಡು. ಏಳು ಹೊರೆ. ಗುಹೇಲಿ ಊರ ಮುಂದೆ 'ಒಂದು' ಅಂತ ಕೂಗಿದೆ. ಉಳಿದ ಆರನ್ನ ಹಿಂದಿನ ದಿನವೇ ನಾನೊಬ್ಬನೇ ಹೊತ್ಕೊಂಡು ಹೋಗಿ ಒಳಗೆ ಬಂಡೆ ಸಂದೀಲಿ ನೀರಿಗೆ ತಾಗೋ ಹಾಗೆ ಅಡಗಿಸಿಟ್ಟಿದ್ದೆ. ಚೋನಾಗೂ ಹೇಳಿಲ್ಲ. ಆ ಮುದುಕಿ ಬಾಯಿ ಮುಚ್ಚಿಸಬೇಕು, ಅಜ್ಜನ ಹಾಗೆ ಒಂದೇ ಹೊರೆಗೆ ಬುಟ್ಟಿ ತುಂಬಿಸಿದ ಅನ್ನಿಸ್ಕೋಬೇಕು ಅಂತ ಹುಚ್ಚು. ಗುಹೇಲಿ ಸುಳ್ಳು ಹೇಳಿದ ಮೊದಲನೇ ಮುಖ್ಯಸ್ಥ ನಿನ್ನ ತಮ್ಮ. ಅಷ್ಟಾಗಿ ತೇಲಿದ್ದು ಎಷ್ಟು ಗೊತ್ತಾ? ಮೂವತ್ತೊಂದು ಮೀನು.

ಮೂವತ್ತೊಂದು ನೋಡಿದಾಗ, ಸುಳ್ಳು ಹೇಳಿದ್ದಕ್ಕೆ ಅಜ್ಜಂದಿರು ಮುಖ ತಿರುಗಿಸಿದ್ರು ಅಂದ್ಕೊಂಡೆ. ಮರುಕ್ಷಣವೇ ಪೊಲೀಸರು. ಇನ್ನೇನು ಬೇಕು ನಂಬೋಕೆ? ನಾಲ್ಕು ತಿಂಗಳಿಂದ ಇಲ್ಲಿ ಇದನ್ನೇ ನುಂಗ್ತಾ ಇದ್ದೀನಿ. ಅದಕ್ಕೇ ವಕೀಲನ ಮುಂದೆ ಸುಮ್ಮನೆ ತಲೆ ಆಡಿಸಿದೆ. ಒಂದು ಅಂತ ಹೇಳಿ ಹೊರಗೆ ಹೋದ್ರೂ ಇನ್ನು ಆ ಗುಹೆ ಬಾಯಿಗೆ ಕಾಲಿಡೋ ಹಾಗಿರಲಿಲ್ಲ ನಾನು.

ನಿನ್ನ ಕಾಗದ ನಾಲ್ಕು ಸಲ ಓದಿದೆ. ಲಾರಿ ಕಳ್ಳನಿಗೂ ಓದಿ ಹೇಳಿದೆ. 'ಅಂದ್ರೆ ನಿಮ್ಮಜ್ಜ ಮೀನಿಗೆ ಕುಸ್ತಿ ಕಲಿಸ್ದ ಅನ್ನು' ಅಂದ. 'ಕಲಿಸಿದ್ದಲ್ಲ ಮೂರ್ಖ, ಸೋತವನ್ನೆಲ್ಲ ತಿಂದ' ಅಂದೆ. ನಕ್ಕೆ ಅಕ್ಕಾ. ಇಲ್ಲಿ ಬಂದ ಮೇಲೆ ಮೊದಲನೇ ಸಲ. ಅಂದ್ರೆ ನಾನೇನೂ ಹೇಸಿಗೆ ಆಗಿಲ್ಲ ಅಲ್ವಾ? ಇನ್ನೊಂದು ಸಲ ಹೇಳು, ಮೀನು ನನ್ನನ್ನ ಬಿಟ್ಟಿಲ್ಲ ಅಂತ.

ಆಗಸ್ಟ್ 6ಕ್ಕೆ ಕೋರ್ಟು. ನಿಜ ಹೇಳ್ತೀನಿ. ವಕೀಲನಿಗೆ ಮೊದಲೇ ಹೇಳಲ್ಲ, ಹೇಳಿದ್ರೆ ಬಾಯಿ ಕಟ್ತಾನೆ. ಡಾಕ್ಟರಮ್ಮ ಬರಲಿ, ಮಿಕ್ಕಿದ್ದು ಅವರು ನೋಡ್ಕೋತಾರೆ. ನೀನೂ ಅವರ ಜೊತೆ ಬಾ.

ಹೊರಗೆ ಬಂದ ಮೇಲೆ ಮೊದಲ ಕೆಲಸ ಆ ಚಾಡಿಕೋರನನ್ನ ಹುಡುಕೋದು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋನು ಸಿಕ್ಕೇ ಸಿಗ್ತಾನೆ.

ನಿಕಾನೋರ್


ತೊಟ್ಟಿ ಕೋಣೆ
24 ಜುಲೈ 1997

ತಮ್ಮಾ,

ಬೇಡ. ಏಳು ಅನ್ನಬೇಡ. ಒಂದು ಅಂತಲೇ ಹೇಳು, ವಕೀಲ ಹೇಳಿದ ಹಾಗೇ ಹೇಳು. ಡಾಕ್ಟರಮ್ಮ ಬರಲ್ಲ.

ನಿನ್ನ ಕಾಗದ ತೋರಿಸಿದಾಗ ಮೊದಲು ಕುಣಿದಾಡಿಬಿಟ್ರು. ಮಾರನೇ ದಿನ ಅವರ ದೊಡ್ಡ ಸಾಹೇಬರು ಕರೆದು, ವಿಷ ಹಾಕಿದವನ ಪರ ನಮ್ಮ ಹೆಸರು ಕೋರ್ಟಲ್ಲಿ ಬರಕೂಡದು ಅಂದ್ರಂತೆ. ಅರವತ್ತು ಮೀನಿನ ಪರೀಕ್ಷೆ ಸಾಕ್ಷಿಗೆ ಸಾಲಲ್ಲ, ಇನ್ನೂ ಎರಡು ವರ್ಷ ಬೇಕು ಅಂತ ಈಗ ಇವರೂ ರಾಗ ಎಳೀತಾರೆ. 'ನನಗೂ ಕೆಲಸ ಉಳೀಬೇಕಲ್ಲ ಬಾಸಿಲಿಯಾ' ಅಂದ್ರು. ನಾನು ತೊಟ್ಟಿ ತೊಳೆಯೋಳು, ನನ್ನ ಮಾತು ಯಾರು ಕೇಳ್ತಾರೆ? ಸಾಕ್ಷಿ ಇಲ್ಲದ ಏಳು ಬರೀ ಏಳೇ ಕಣೋ, ಐದಾರು ವರ್ಷದ ಏಳು. ವಕೀಲನಿಗೆ ಫೋನು ಮಾಡಿ ಮಾಡಿ ಸಾಕಾಯ್ತು, ಎತ್ತಲ್ಲ. ಊರ ಅಂಗಡಿ ಫೋನು ಮಳೆಗೆ ಸತ್ತಿದೆ. ಈ ಕಾಗದ ನಿನಗೆ ಮುಟ್ಟಲೇಬೇಕು.

ಇನ್ನೊಂದು. ಇದನ್ನ ಇವತ್ತು ಬರೀದಿದ್ರೆ ಯಾವತ್ತೂ ಬರೆಯಲ್ಲ. ನೀನು ಹುಡುಕ್ತಿರೋ ಹೆಗಲು ನನ್ನದು.

ಫೆಬ್ರವರೀಲಿ ಡಾಕ್ಟರಮ್ಮ, ಈ ಮೀನು ಇಡೀ ಪ್ರಪಂಚದಲ್ಲಿ ನಿಮ್ಮೂರ ಗುಹೇಲಿ ಬಿಟ್ರೆ ಇನ್ನೆಲ್ಲೂ ಇಲ್ಲ ಅಂದ್ರು. ನನಗೆ ತಲೆ ತಿರುಗಿ ಹೋಯ್ತು ಹೆಮ್ಮೇಲಿ. ಹದಿನಾಲ್ಕು ವರ್ಷ ಅವುಗಳ ಕಕ್ಕಸು ತೊಳೆದವಳು ನಾನು. ಇಲಾಖೆಗೆ ಕಾಗದ ಬರೆದೆ, ನನ್ನ ಚೆಂದದ ಅಕ್ಷರದಲ್ಲಿ, ನಮ್ಮ ಗುಹೆಗೊಂದು ಬೇಲಿ ಹಾಕಿ, ಒಂದು ಬೋರ್ಡು ಹಾಕಿ ಅಂತ. ಅಷ್ಟಕ್ಕೇ ನಿಲ್ಲಿಸಿದ್ರೆ ಆಗ್ತಿತ್ತು. ಗರಿ ಭಾನುವಾರ ಬೆಳಗ್ಗೆ ಹತ್ತಕ್ಕೆ ನನ್ನ ತಮ್ಮ ಅಪ್ಪಣೆ ಕೇಳ್ತಾನೆ, ನಾವು ಎಷ್ಟು ಭಕ್ತಿಯಿಂದ ಮೀನು ಹಿಡೀತೀವಿ ಬಂದು ನೋಡಿ ಅಂತಾನೂ ಬರೆದೆ. ನೆಂಟರನ್ನ ಕರೆದ ಹಾಗೆ ಕರೆದೆ ಕಣೋ.

ಇಷ್ಟು ದಿನ ಬರದೇ ಇದ್ದದ್ದು ತೊಟ್ಟಿ ತೊಳೆಯೋಕೆ ಅಲ್ಲ. ನಿನ್ನ ಮುಖ ನೋಡೋ ಧೈರ್ಯ ಇರಲಿಲ್ಲ. ಬೈ, ಹೊಡಿ, ಸಾಯೋವರೆಗೂ ಮಾತಾಡಿಸಬೇಡ. ಆರನೇ ತಾರೀಕು ಮಾತ್ರ ಒಂದು ಅನ್ನು.

ಬಾಸಿಲಿಯಾ


ಜೈಲು
7 ಆಗಸ್ಟ್ 1997

ಅಕ್ಕಾ,

ಐದು ವರ್ಷ ಎರಡು ತಿಂಗಳು.

ನಿನ್ನ ಕಡೆಯಿಂದ ಮೂರು ವಾರದಿಂದ ಕಾಗದವಿಲ್ಲ, ಬರೋ ತಯಾರೀಲಿ ಇರ್ತೀಯ ಅಂದ್ಕೊಂಡಿದ್ದೆ. ಕೋರ್ಟಲ್ಲಿ ಜಡ್ಜು, 'ಎಷ್ಟು ಹೊರೆ?' ಅಂದ. ಎದ್ದು ನಿಂತು 'ಏಳು ಸ್ವಾಮಿ' ಅಂದೆ. ವಕೀಲನ ಕೈಯಿಂದ ಪೆನ್ನು ಕೆಳಗೆ ಬಿತ್ತು. ಅಜ್ಜನಿಂದ ಹಿಡಿದು ಎಲ್ಲಾ ಹೇಳಿದೆ, ಸೋತ ಮೀನನ್ನ ತಿಂದದ್ದು, ಗೆದ್ದವು ಮರಿ ಹಾಕಿದ್ದು, ನೀನು ಬರೆದ ಹಾಗೇ, ಒಂದೂ ಬಿಡದೆ. ಜಡ್ಜು ಕೆಟ್ಟವನೇನಲ್ಲ, ಕೇಳಿಸ್ಕೊಂಡ. 'ಇದನ್ನ ಹೇಳೋ ವಿದ್ವಾಂಸರು ಎಲ್ಲಿ?' ಅಂದ. 'ಬರ್ತಾರೆ, ನಮ್ಮಕ್ಕ ಕರ್ಕೊಂಡು ಬರ್ತಾಳೆ' ಅಂದೆ.

ಊಟದ ಹೊತ್ತಿನವರೆಗೆ ಕಾದ್ರು. ಬಾಗಿಲು ತೆರೆದಾಗಲೆಲ್ಲ ತಿರುಗಿ ನೋಡ್ದೆ. ಒಂದ್ಸಲ ಕಸ ಗುಡಿಸೋಳು, ಒಂದ್ಸಲ ಟೈಪಿಸ್ಟು. ಆಮೇಲೆ ಜಡ್ಜು ಗಡಿಯಾರ ನೋಡಿ ತೀರ್ಪು ಓದಿದ. ಚೋನಾ ಅಲ್ಲೇ ಕುಸಿದು ಕೂತ್ಲು. ಮೇಲಿನ ಕೋರ್ಟಿಗೆ ಹೋಗಬಹುದು, ಆದ್ರೆ ತಾನಾಗೇ ಒಪ್ಕೊಂಡವನಿಗೆ ಅಲ್ಲೇನು ಸಿಗುತ್ತೆ ಅಂತ ವಕೀಲ ಕೈ ತೊಳ್ಕೊಂಡ.

ದಾರೀಲಿ ಎಲ್ಲೋ ಮಳೆಗೆ ಸೇತುವೆ ಹೋಗಿರಬೇಕು, ಇಲ್ಲಾ ಬಸ್ಸು ಕೆಟ್ಟಿರಬೇಕು. ಡಾಕ್ಟರಮ್ಮನಿಗೆ ಹೇಳು, ಬೇಜಾರು ಮಾಡ್ಕೋಬೇಡಿ ಅಂತ. ನೀನೂ ಅಳಬೇಡ. ಏಳು ಅಂತ ಜೋರಾಗಿ ಹೇಳಿದಾಗ ಎದೆ ಮೇಲಿನ ಕಲ್ಲು ಇಳೀತು, ಅದು ಸುಳ್ಳಲ್ಲ. ಆದ್ರೆ ವಾಪಸ್ಸು ಬಂದು ಈ ಕೋಣೆ ಬಾಗಿಲು ಹಾಕ್ಕೊಂಡಾಗ, ಐದು ವರ್ಷ ಅನ್ನೋದು ಅವಾಗ ಅರ್ಥ ಆಯ್ತು. ಉಸಿರು ಕಟ್ಟಿದ ಹಾಗಾಗಿ ಗೋಡೆಗೆ ಹಣೆ ಒತ್ತಿ ನಿಂತಿದ್ದೆ.

ನೀವು ಹುಷಾರಾಗಿದ್ದೀರಾ? ದಾರೀಲಿ ಏನೂ ಆಗಿಲ್ಲ ತಾನೇ? ಅದನ್ನ ಮೊದಲು ಬರಿ.

ನಿಕಾನೋರ್


ತೊಟ್ಟಿ ಕೋಣೆ
18 ಆಗಸ್ಟ್ 1997

ತಮ್ಮಾ,

ನಾವು ಹುಷಾರಾಗಿದ್ದೀವಿ. ಯಾವ ಸೇತುವೆಯೂ ಬಿದ್ದಿಲ್ಲ.

ನನ್ನ 24ರ ಕಾಗದ ನಿನಗೆ ಮುಟ್ಟಿಲ್ಲ ಅಂತ ಈಗ ತಿಳೀತು. ಮುಟ್ಟಿದಾಗ ಎಲ್ಲ ಗೊತ್ತಾಗುತ್ತೆ. ಅದರಲ್ಲಿ ಇಲ್ಲದ್ದು ಒಂದಿದೆ, ಅದನ್ನ ಇಲ್ಲಿ ಬರೀತೀನಿ. ಆಗಸ್ಟ್ 4ರಂದು ಟಿಕೆಟ್ಟು ತಗೊಂಡು ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಕಾಗದ ತಲುಪದಿದ್ರೆ ಬಾಯಾರೆ ಹೇಳೋಣ ಅಂತ. ಬಸ್ಸು ಬಂತು. ಜನ ಹತ್ತಿದ್ರು. ಕಂಡಕ್ಟರು 'ಹತ್ತಮ್ಮ' ಅಂದ. ನಿನ್ನ ಶಾಪ ನೆನಪಾಯ್ತು, ಮುಖ ನೆನಪಾಯ್ತು. ಕಾಗದ ಸಿಕ್ಕಿರುತ್ತೆ ಬಿಡು ಅಂತ ನನಗೆ ನಾನೇ ಹೇಳ್ಕೊಂಡು ವಾಪಸ್ಸು ಬಂದೆ.

ಆ ಬಸ್ಸು ಐದರ ಸಂಜೆ ಅಲ್ಲಿ ಮುಟ್ತು.

ಬಾಸಿಲಿಯಾ


ಜೈಲು
11 ಮಾರ್ಚ್ 1998

ಅಕ್ಕಾ,

ನಿನ್ನ ಜುಲೈ 24ರ ಕಾಗದ ನನ್ನ ಕೈಗೆ ಬಂದದ್ದು ಆಗಸ್ಟ್ 20ಕ್ಕೆ. ಗುಮಾಸ್ತ ರಜೆ ಮೇಲೆ ಹೋಗಿದ್ದನಂತೆ, ಕಾಗದಗಳೆಲ್ಲ ಚೀಲದಲ್ಲಿ ಕೊಳೀತಾ ಬಿದ್ದಿದ್ವು. ಬಸ್ ಸ್ಟ್ಯಾಂಡಿನದು ಅದರ ಮಾರನೇ ವಾರ ಬಂತು. ಆಮೇಲೆ ನೀನು ಬರೆದ ಆರು ಕಾಗದ ನಾನು ಬಿಡಿಸಿಯೇ ನೋಡಿಲ್ಲ. ಮೂರನ್ನ ಹರಿದು ಹಾಕಿದೆ. ಇನ್ನು ಮೂರು ನಾನು ಮಲಗೋ ಕಡೆ ತಲೆ ಅಡಿ ಇವೆ.

ಏನೇನು ಅಂದ್ಕೊಂಡೆ ಅಂತ ಬರೆಯಲ್ಲ. ಕಾಗದ ಬರೆದದ್ದಕ್ಕಿಂತ ಬಸ್ಸು ಹತ್ತದೇ ಇದ್ದದ್ದೇ ಹೆಚ್ಚು ಉರೀತು. ಕಾಗದ ಬರೆದದ್ದು ದಡ್ಡತನ, ನಾನೂ ದಡ್ಡನೇ. ಬಸ್ಸು ಕಣ್ಣೆದುರಿಗಿತ್ತಲ್ಲೇ.

ಹೋದ ಭಾನುವಾರ ಚೋನಾ ಊರ ಹಿರಿಯರ ಮಾತು ತಂದಿದ್ಲು. ಮುಂದಿನ ತಿಂಗಳು ಗರಿ ಭಾನುವಾರ. ಮುಖ್ಯಸ್ಥ ಬದುಕಿರೋವರೆಗೆ ಅವನು ತನ್ನ ಟೋಪಿ ಕೊಟ್ಟು ಕಳಿಸದೆ ಇನ್ನೊಬ್ಬ ಅಪ್ಪಣೆ ಕೇಳೋ ಹಾಗಿಲ್ಲ. ಟೋಪಿ ಕೊಡು, ಪೊಲೀಸರ ಕಣ್ಣು ತಪ್ಪಿಸಿ ಹೇಗೋ ಮಾಡ್ಕೋತೀವಿ ಅಂದಿದ್ದಾರೆ. ಕೊಡಲ್ಲ ಅಂದೆ. ಚೋನಾ ಹೌಹಾರಿದ್ಲು. ಟೋಪಿಯನ್ನ ಮೂರನೇ ಬ್ಯಾರಕ್ಕಲ್ಲಿ ಇಟ್ಕೊಂಡು ಪೂಜೆ ಮಾಡ್ತೀಯಾ ಅಂದ್ಲು.

ನಾನು ಇಲ್ಲಿ ಕೂತು ಒಂದು ಲೆಕ್ಕ ಹಾಕಿದ್ದೀನಿ. ತಪ್ಪಿದ್ರೆ ಡಾಕ್ಟರಮ್ಮನ್ನ ಕೇಳಿ ತಿದ್ದು. ನಾನು ಬಿಡುಗಡೆ ಆಗೋದ್ರೊಳಗೆ ಐದು ಗರಿ ಭಾನುವಾರ ಬರ್ತವೆ. ಐದರಲ್ಲೂ ನೀರಿಗೆ ಬೇರು ಬೀಳಲ್ಲ. ಬೇರು ಬೀಳದಿದ್ರೆ, ಹುಟ್ಟುತ್ತಲೇ ಮೆತ್ತಗಿರೋ ಮೀನು ಇರುತ್ತಲ್ಲ, ಒಂದು ಗುಟುಕಿಗೇ ಮಗ್ಗುಲಾಗೋ ಅಂಥದ್ದು, ಅದು ಸಾಯಲ್ಲ ಅಲ್ವಾ? ಗಟ್ಟಿಯದರ ಪಕ್ಕದಲ್ಲೇ ಅದೂ ಓಡಾಡ್ಕೊಂಡಿರುತ್ತೆ. ಅದೂ ಮರಿ ಹಾಕುತ್ತೆ. ಮುತ್ತಜ್ಜನ ಕಾಲದಿಂದ ಅದಕ್ಕೆ ಇಂಥಾ ಐದು ವರ್ಷ ಸಿಕ್ಕೇ ಇರಲಿಲ್ಲ. ಈಗ ಸಿಕ್ಕಿದೆ, ನಾನು ಒಳಗಿದ್ದೀನಿ ಅಂತ.

ಇದನ್ನ ಯೋಚಿಸಿದ ಮೇಲೆ ಇಲ್ಲಿ ಉಸಿರಾಡೋಕೆ ಸ್ವಲ್ಪ ಸುಲಭ ಆಗಿದೆ. ಕೋಣೆ ಅಷ್ಟೇ ಇದೆ, ಜನ ಇಪ್ಪತ್ತೊಂದಾಗಿದ್ದಾರೆ.

ನಿನ್ನ ಮೇಲೆ ಸಿಟ್ಟು ಹೋಗಿದೆ ಅಂತ ಬರೆದ್ರೆ ಸುಳ್ಳಾಗುತ್ತೆ, ಸುಳ್ಳು ಹೇಳೋದು ಬಿಟ್ಟಿದ್ದೀನಿ. ಅರ್ಧ ಹೋಗಿದೆ. ಉಳಿದರ್ಧ ಎದುರಿಗೆ ಕೂರಿಸ್ಕೊಂಡು ಬೈದೇ ಮುಗಿಸಬೇಕು, ಕಾಗದದಲ್ಲಿ ಆಗೋ ಕೆಲಸ ಅಲ್ಲ. ಒಬ್ಬರನ್ನ ಮನಸಾರೆ ಬೈಯೋಕೆ ಅವರು ಸ್ವಂತದವರಾಗಿರಬೇಕು, ಇಲ್ಲಿ ನನಗೆ ಅಂಥವರು ಯಾರೂ ಇಲ್ಲ.

ನೀನು ಹೆದರುಪುಕ್ಕಲಿ. ಹಾಗೇ ಹುಟ್ಟಿದ್ದೀಯ, ಏನು ಮಾಡೋಕಾಗುತ್ತೆ. ಬಸ್ಸು ಹತ್ತು.

ನಿನ್ನ ತಮ್ಮ
ನಿಕಾನೋರ್